50 ಸಾವಿರದಲ್ಲಿ ಗೇಮಿಂಗ್ ಪಿಸಿ: ಎಲ್ಲಿ ಉಳಿಸಲಿ?

ಪ್ರಶ್ನೆ: ಮಾನಿಟರ್ ಮನೆಯಲ್ಲಿದೆ, 1080ಪಿ. ಕೈಯಲ್ಲಿರೋದು 50 ಸಾವಿರ. ಬೆಂಗಳೂರಿನ ಎಸ್‌ಪಿ ರೋಡ್ ಅಂಗಡಿಯಲ್ಲಿ ರೈಜನ್ 7 ಪ್ರೊಸೆಸರ್ ತಗೊಳ್ಳಿ, ಗ್ರಾಫಿಕ್ಸ್ ಕಾರ್ಡ್ ಆಮೇಲೆ ನೋಡಿದರಾಯ್ತು ಅಂದರು. ಸರೀನಾ?

ಉತ್ತರ 1: ಬೇಡ ಗುರು. ಗೇಮ್‌ಗೆ ಮುಖ್ಯ ಕಾರ್ಡೇ ಅಲ್ವಾ? ರೈಜನ್ 5 5600 ಸಾಕು, ಉಳಿದ ದುಡ್ಡನ್ನು ಆರ್‌ಎಕ್ಸ್ 6600 ಥರದ 8 ಜಿಬಿ ಕಾರ್ಡ್‌ಗೆ ಹಾಕಿ. ಆದರೆ 5600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕೋವರೆಗೂ ಮಾನಿಟರ್‌ನಲ್ಲಿ ಏನೂ ಕಾಣಲ್ಲ, ನೆನಪಿರಲಿ. ರ‍್ಯಾಮ್ 16 ಜಿಬಿಯ ಒಂದೇ ಸ್ಟಿಕ್ ಬದಲು 8ರ ಎರಡು ತಗೊಳ್ಳಿ.

ಉತ್ತರ 2: ಪಿಸಿಗೆ ಕರೆಂಟ್ ಕೊಡೋ ಡಬ್ಬಿ, ಅಂದರೆ ಎಸ್‌ಎಂಪಿಎಸ್‌ನಲ್ಲಿ ಮಾತ್ರ ಜುಗ್ಗತನ ಬೇಡ. ಕ್ಯಾಬಿನೆಟ್ ಜೊತೆ ಫ್ರೀ ಬಂದಿದ್ದನ್ನೇ ಹಾಕಿದ್ದೆ. ಆಟದ ಮಧ್ಯೆ ಟಪ್ ಅಂತು, ಸುಟ್ಟ ವಾಸನೆ ಬಂತು, ಮದರ್‌ಬೋರ್ಡೂ ಹೋಯ್ತು.

ಪ್ರಶ್ನೆ ಕೇಳಿದವರು: ಅಯ್ಯೋ! ಹಾಗಾದರೆ ಬಣ್ಣದ ಲೈಟಿನ ಆರ್‌ಜಿಬಿ ಫ್ಯಾನ್ ಕ್ಯಾನ್ಸಲ್, ಆ ದುಡ್ಡು ಎಸ್‌ಎಂಪಿಎಸ್‌ಗೆ.