ಕೆಂಪು ರೋಲ್ಸ್ ರಾಯ್ಸ್ ಕಾರನ್ನು ಕಪ್ಪು ಬಿಳುಪಿನಲ್ಲಿ ತೆಗೆಯುವುದು ಹೇಗೆ?

ಪ್ರಶ್ನೆ:
ಕಡುಗೆಂಪು ಬಣ್ಣದ ಹಳೆಯ ರೋಲ್ಸ್ ರಾಯ್ಸ್ ಕಾರೊಂದನ್ನು ಕಪ್ಪು ಬಿಳುಪು ಫಿಲ್ಮಿನಲ್ಲಿ, ಜಾಹೀರಾತಿನ ಚಿತ್ರಗಳಿಗಿಂತ ಭಿನ್ನವಾಗಿ ತೆಗೆಯಲು ಪ್ರಯತ್ನಿಸುತ್ತಿದ್ದೇನೆ. ಮೊದಲ ರೋಲಿನಲ್ಲಿ ಕಾರಿನ ಮೈ ಮಂಕು ಬೂದು ಬಣ್ಣಕ್ಕೆ ತಿರುಗಿತು. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೂ ರೇಡಿಯೇಟರ್ ಮೇಲಿನ ಪ್ರತಿಫಲನ ಹೋಗಲಿಲ್ಲ. ಎಲ್ಲಿ ಎಡವುತ್ತಿದ್ದೇನೆಂದು ದಯವಿಟ್ಟು ತಿಳಿಸುವಿರಾ?

ಉತ್ತರ 1:
ತಪ್ಪು ನಿಮ್ಮದಲ್ಲ, ಲೋಹದ್ದು. ಗಾಜು ಮತ್ತು ಬಣ್ಣ ಬಳಿದ ಮೇಲ್ಮೈಗಳಿಂದ ಓರೆಯಾಗಿ ಚಿಮ್ಮುವ ಬೆಳಕನ್ನು ಪೋಲರೈಸರ್ ತಡೆಯಬಲ್ಲದು, ಆದರೆ ಬರಿಯ ಲೋಹದ ಹೊಳಪಿನ ಮುಂದೆ ಅದರ ಆಟ ಅಷ್ಟಾಗಿ ನಡೆಯದು. ಆದ್ದರಿಂದ ಪ್ರತಿಫಲನವನ್ನು ಅಳಿಸಲು ಹೆಣಗುವ ಬದಲು, ಅದರಲ್ಲಿ ಏನು ಕಾಣಬೇಕೆಂಬುದನ್ನು ನೀವೇ ನಿರ್ಧರಿಸಿ: ಒಂದು ಬದಿಗೆ ಅಗಲವಾದ ಬಿಳಿ ಬಟ್ಟೆಯನ್ನೂ ಇನ್ನೊಂದು ಬದಿಗೆ ಕಪ್ಪು ಬಟ್ಟೆಯನ್ನೂ ಕಟ್ಟಿದರೆ ಬಾನೆಟ್ಟಿನ ಅಂಚು ಇದ್ದಿಲಿನಲ್ಲಿ ಗೆರೆ ಎಳೆದಂತೆ ಮೂಡುತ್ತದೆ.

ಉತ್ತರ 2:
ಮಂಕುತನಕ್ಕೆ ಕಾರಣ ಫಿಲ್ಮ್. ಇಲ್ಫರ್ಡ್ ಆರ್ಥೋ ಪ್ಲಸ್‌ನಂತಹ ಆರ್ಥೋಕ್ರೋಮ್ಯಾಟಿಕ್ ಫಿಲ್ಮ್ ಕೆಂಪು ಬೆಳಕಿಗೆ ಸ್ಪಂದಿಸದ ಕಾರಣ ನಿಮ್ಮ ಕಾರು ಅದರಲ್ಲಿ ಕಾಡಿಗೆಯಷ್ಟು ಕಪ್ಪಾಗಿ ಬರುತ್ತದೆ. ಸಾಮಾನ್ಯ ಫಿಲ್ಮಿಗೆ ಕೆಂಪು ಫಿಲ್ಟರ್ ಹಾಕಿದರೆ ಅದೇ ಕಾರು ತಿಳಿಯಾಗುತ್ತದೆ. ಆರ್ಥೋ ಪ್ಲಸ್‌ನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ (ISO), ಹಗಲಿನಲ್ಲಿ 80, ಟಂಗ್‌ಸ್ಟನ್ ದೀಪದಲ್ಲಿ 40 ಎಂಬುದನ್ನು ಮರೆಯಬೇಡಿ.

ಉತ್ತರ 3:
ಕಾರನ್ನು ಓಡಿಸಿಯೂ ನೋಡಿ. ಜಾಕ್ ಆಂರಿ ಲಾರ್ತಿಗ್ ಫ್ರಾನ್ಸಿನಲ್ಲಿ 1910ರ ದಶಕದ ಆರಂಭದಲ್ಲಿ ತೆಗೆದ ರೇಸ್ ಕಾರಿನ ಚಿತ್ರದಲ್ಲಿ ಚಕ್ರವು ಮೊಟ್ಟೆಯಾಕಾರ ತಾಳಿ ಮುಂದಕ್ಕೆ ಬಾಗಿದೆ, ಪ್ರೇಕ್ಷಕರು ಹಿಂದಕ್ಕೆ ವಾಲಿದ್ದಾರೆ. ಬೆಳಕನ್ನು ಒಳಬಿಡುವ ಶಟರಿನ ಸೀಳು ಚಿತ್ರ ಮೂಡುವ ಫಲಕದ ಮೇಲೆ ಸರಿಯುತ್ತಿದ್ದಾಗಲೇ ಅವರು ಕ್ಯಾಮೆರಾವನ್ನೂ ಕಾರಿನೊಂದಿಗೆ ತಿರುಗಿಸಿದ್ದರ ಫಲವದು. ಗಂಭೀರ ನಡಿಗೆಯ ರೋಲ್ಸ್ ರಾಯ್ಸ್ ಹಾಗೆ ಬಾಗಿ ಓಡುವುದನ್ನು ನೋಡಲು ನನಗಂತೂ ಕುತೂಹಲವಿದೆ.