ಬರ್ಕ್ ಅನ್ನೋ ಅಡ್ಡಹೆಸರಿನ ಮೂಲ ಎಲ್ಲಿದು? ಲಾರ್ಡ್ ಮೇಯೋನೂ ಇದೇ ಮನಿತನದವನಾ?

ಕಲಬುರಗಿ ಅಕ್ಕ:
ಶರಣ್ರಿ ಎಲ್ಲರಿಗೂ. ನನ್ನ ತಮ್ಮ ಐರ್ಲೆಂಡಿನ ಗಾಲ್ವೇ ಊರಾಗ ನರ್ಸ್ ಕೆಲಸಕ್ಕ ಹೋಗಿ ಎಂಟು ತಿಂಗಳಾಯ್ತು. ಅವನ ವಾರ್ಡಿನಾಗ ಮೂರು ಮಂದಿ ಬರ್ಕ್ ಅನ್ನೋರು ಹಾರ, ಪೇಶಂಟ್ ಲಿಸ್ಟಿನಾಗೂ ದಿನಾ ಒಬ್ಬಿಬ್ರು ಬರ್ಕ್ ಇದ್ದೇ ಇರ್ತಾರಂತ, ನಮ್ಮ ಕಡಿ ಯಾವ ಆಫೀಸಿಗಿ ಹೋದ್ರೂ ಇಬ್ರು ಪಾಟೀಲ್ ಸಿಗ್ತಾರಲ್ಲ ಹಂಗ ನೋಡಕ್ಕ ಅಂತ ಫೋನಿನಾಗ ಹೇಳ್ದ. ಮೂರೂ ಮಂದಿ ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ಅದರಾಗ ಒಬ್ಬಾಕಿ ಹೆಸರು ಬರಿಯಾಗ ನಡುವ ಒಂದು 'ಓ' ಸೇರಸ್ತಾಳಂತ, ಆದ್ರ ಕರಿಯೋದು ಬರ್ಕ್ ಅಂತನ. ನಮ್ಮ ಮೂಲ ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರದು ಅಂತ ಅಕಿ ಹೇಳಿದ ಮ್ಯಾಲ ಇವನಿಗಿ ತಲಿ ಕೆಟ್ಟದ, ಅಕ್ಕಾ ನೀ ಹಿಸ್ಟರಿ ಓದ್ಲತ್ತೀದಿ, ನೀನೇ ಹೇಳು ಅಂತ ನನಗ ಗಂಟ ಬಿದ್ದಾನ.

ನನ್ನ ನೋಟ್ಸಿನಾಗ ಎರಡು ಕಡಿ ಈ ಹೆಸರು ಬರ್ತದ. ವಾರನ್ ಹೇಸ್ಟಿಂಗ್ಸನ ಮ್ಯಾಲ ಪಾರ್ಲಿಮೆಂಟಿನಾಗ ಖಟ್ಲೆ ನಡೆಸಿದ ಎಡ್ಮಂಡ್ ಬರ್ಕ್ ಒಬ್ಬ. ಇನ್ನೊಬ್ಬ ವೈಸ್‌ರಾಯ್ ಲಾರ್ಡ್ ಮೇಯೋ, ಅವನ ಪೂರ್ತಿ ಹೆಸರು ರಿಚರ್ಡ್ ಸೌತ್‌ವೆಲ್ ಬರ್ಕ್, ಅದೂ 'ಓ' ಇರೋ ಬರ್ಕ್. ಇವರೆಲ್ಲ ಒಂದೇ ಮನಿತನದವರಾ? ನಾರ್ಮನ್ ಮಂದಿ ಐರ್ಲೆಂಡಿನಾಗ ಹ್ಯಾಂಗ ಇಷ್ಟು ಬೆರೆತು ಹೋದ್ರು? ತಿಳದವ್ರು ದಯವಿಟ್ಟು ಬಿಡಿಸಿ ಹೇಳ್ರಿ.

ಬೀದರ್ ಮಾಸ್ತರ್:
ತಂಗೀ, ಪ್ರಶ್ನೆ ಭಾಳ ಚಲೋ ಕೇಳೀದಿ, ಸ್ವಲ್ಪ ಉದ್ದ ಹೇಳಬೇಕಾಗ್ತದ, ಬ್ಯಾಸರ ಮಾಡ್ಕೋಬ್ಯಾಡ. ಈ ಹೆಸರಿನ ಮೊದಲಿನ ರೂಪ 'ದ ಬರ್ಗ್'. 'ದ' ಅಂದ್ರ ಫ್ರೆಂಚಿನಾಗ ಇಂಥಾ ಊರಿನವ ಅಂತ ಅರ್ಥ, ನಮ್ಮಲ್ಲಿ ಊರ ಹೆಸರನ್ನೇ ಅಡ್ಡಹೆಸರು ಮಾಡ್ಕೊಂಡು ಕಲಬುರ್ಗಿ ಅಂತ ಬರ್ಕೋತಾರಲ್ಲ ಹಂಗ. ಆದ್ರ ಬರ್ಗ್ ಅನ್ನೋ ಊರು ಫ್ರಾನ್ಸಿನದಲ್ಲ, ಇಂಗ್ಲೆಂಡಿನ ನಾರ್ಫೋಕ್ ಸೀಮಿದು, ಆ ಶಬ್ದನೂ ಹಳೇ ಇಂಗ್ಲಿಷಿಂದು, ಕೋಟೆ ಕಟ್ಟಿದ ಜಾಗ ಅಂತ ಅರ್ಥ. ಅಂದ್ರ ಹೆಸರಿನ ಮುಂದಿನ ತುಣುಕು ನಾರ್ಮನ್ನರದು, ಹಿಂದಿನ ತುಣುಕು ಇಂಗ್ಲಿಷರದು, ಬೇರೂರಿದ್ದು ಐರ್ಲೆಂಡಿನಾಗ.

ನಾರ್ಮನ್ ಸೈನ್ಯ ಐರ್ಲೆಂಡಿಗಿ ಮೊದಲ ಕಾಲಿಟ್ಟಿದ್ದು 1169ರಾಗ, ಅದೂ ತಾವಾಗೇ ಅಲ್ಲ, ಗಾದಿ ಕಳ್ಕೊಂಡ ಲೆನ್‌ಸ್ಟರಿನ ರಾಜ ಕರೆಸಿದ್ದಕ್ಕ ಬಂದ್ರು. ಆಮ್ಯಾಲ 1185ರಾಗ ರಾಜಕುಮಾರ ಜಾನ್‌ನ ಸಂಗಡ ವಿಲಿಯಂ ದ ಬರ್ಗ್ ಅನ್ನಾವ ಬಂದ, ಅವನೇ ಈ ಮನಿತನದ ಮೂಲಪುರುಷ. ಅವನ ಮಗ ರಿಚರ್ಡ್ 1235ರಾಗ ಪಶ್ಚಿಮದ ಕನಾಕ್ಟ್ ಪ್ರಾಂತ ಗೆದ್ದ. ನಿನ್ನ ತಮ್ಮ ಇರೋ ಗಾಲ್ವೇ ಊರು ಬೆಳೆದದ್ದೂ 1232ರ ಸುಮಾರಿಗಿ ಇದೇ ರಿಚರ್ಡ್ ಹೊಳಿ ದಂಡಿಗಿ ಕಟ್ಟಿಸಿದ ಕೋಟೆ ಸುತ್ತ. ಅದಕ್ಕ ಅಲ್ಲಿ ಬರ್ಕ್ ಜಾಸ್ತಿ ಇರೋದು.

ಈಗ ಹ್ಯಾಂಗ ಬೆರೆತ್ರು ಅನ್ನೋದು. ಇದರಾಗ 1333 ಅನ್ನೋ ವರ್ಷ ನೆನಪಿಟ್ಕೋ. ಉತ್ತರದ ಅಲಸ್ಟರಿನ ಅರ್ಲ್ (ಅದೊಂದು ದೊಡ್ಡ ಸರದಾರ ಪದವಿ) ಆಗಿದ್ದ ಇದೇ ಮನಿತನದ ಇನ್ನೊಬ್ಬ ವಿಲಿಯಂ, ಕಂದುಬಣ್ಣದ ಅರ್ಲ್ ಅಂತ ಕರೀತಿದ್ರು, ತನ್ನ ದಾಯಾದಿ ವಾಲ್ಟರನ್ನ ಹಿಡಿಸಿ ಕೋಟೆಯೊಳಗ ಕೂಡಿಹಾಕಿ ಅನ್ನ ನೀರು ಕೊಡದೆ ಸಾಯಿಸಿದ. ಮರುವರ್ಷ 1333ರ ಜೂನಿನಾಗ ಕ್ಯಾರಿಕ್‌ಫರ್ಗಸ್ ಹತ್ರ ಅವನ ಕಡಿ ಮಂದಿನೇ ಅವನನ್ನ ಕೊಂದ್ರು, ವಯಸ್ಸು ಬರೇ 20. ಅವನಿಗಿದ್ದದ್ದು ಒಂದೇ ಹಸುಗೂಸು, ಎಲಿಜಬೆತ್. ತಾಯಿ ಆ ಕೂಸಿನ ಕರ್ಕೊಂಡು ಇಂಗ್ಲೆಂಡಿಗಿ ಹೋಗಿಬಿಟ್ಟಳು. ಇಂಗ್ಲಿಷ್ ಕಾನೂನಿನ ಪ್ರಕಾರ ಗಂಡು ಮಗ ಇಲ್ಲದಾಗ ಆಸ್ತಿ ಎಲ್ಲಾ ಆ ಹೆಣ್ಣು ಮಗುವಿಗಿ ಸೇರಬೇಕು, ಐರಿಷ್ ಪದ್ಧತಿ ಪ್ರಕಾರ ಕುಲದೊಳಗಿನ ಸಮರ್ಥ ಗಂಡಸು ಯಜಮಾನ ಆಗ್ತಾನ. ಕನಾಕ್ಟಿನಾಗಿದ್ದ ದಾಯಾದಿಗಳು ಏನ್ ಮಾಡ್ಯಾರು ಹೇಳು? ಇಂಗ್ಲಿಷ್ ಕಾನೂನು ಬಿಟ್ಟು ಐರಿಷ್ ಪದ್ಧತಿ ಹಿಡಿದು ಜಮೀನು ತಾವೇ ಹಂಚ್ಕೊಂಡ್ರು. ಉತ್ತರದ ಮೇಯೋ ಸೀಮಿ ಒಬ್ಬನಿಗಿ, ದಕ್ಷಿಣದ ಗಾಲ್ವೇ ಸೀಮಿ ಇನ್ನೊಬ್ಬನಿಗಿ, ಲಿಮರಿಕ್ ಕಡಿ ಮೂರನೇ ಕವಲು. ಹೆಸರೂ ಐರಿಷ್ ಮಾಡ್ಕೊಂಡು ಮ್ಯಾಕ್ ವಿಲಿಯಂ ಅಂದ್ರ ವಿಲಿಯಮನ ವಂಶದವ ಅಂತ ಪಟ್ಟ ಕಟ್ಕೊಂಡ್ರು. ಭಾಷೆ, ಉಡುಪು, ಮದುವಿ ಸಂಬಂಧ ಎಲ್ಲಾ ಐರಿಷ್ ಆಯ್ತು. ಪ್ರೀತಿಯಿಂದಷ್ಟೇ ಬೆರೆತ್ರು ಅಂತ ನಾ ಹೇಳಂಗಿಲ್ಲ ತಂಗಿ, ಹೊಲದ ಲೆಕ್ಕಾಚಾರ ದೊಡ್ಡದು ಅದರಾಗ.

ಆ ಕೂಸು ಎಲಿಜಬೆತ್ ದೊಡ್ಡಾಕಿ ಆಗಿ ಮೂರನೇ ಎಡ್ವರ್ಡ್ ರಾಜನ ಮಗ ಲಯನೆಲ್‌ನ ಹೆಂಡತಿ ಆದಳು. ಈ ಲಯನೆಲ್ 1361ರಾಗ ರಾಜನ ಪ್ರತಿನಿಧಿ ಆಗಿ ಐರ್ಲೆಂಡಿಗಿ ಬಂದ, ಹೆಂಡತಿ ಜಮೀನು ಬರ್ಕ್‌ರ ಕೈಯಾಗಿಂದ ಬಿಡಿಸಿಕೊಳ್ಳಾಕ ಆಗಲಿಲ್ಲ. 1366ರಾಗ ಕಿಲ್ಕೆನ್ನಿಯೊಳಗ ಶಾಸನ ಮಾಡಿಸಿದ, ಇಂಗ್ಲಿಷ್ ಮೂಲದವರು ಐರಿಷ್ ಮಾತಾಡಬಾರದು, ಐರಿಷರ ಸಂಗಡ ಬೀಗತನ ಮಾಡಬಾರದು, ಅವರ ಕಾನೂನು ಪಾಲಿಸಬಾರದು ಅಂತ. ಆ ಶಾಸನ ಬರೆದ ಭಾಷೆ ಫ್ರೆಂಚು! ಪಶ್ಚಿಮದಾಗ ಅದನ್ನ ಯಾರೂ ಕಿವಿಗಿ ಹಾಕ್ಕೊಳ್ಳಲಿಲ್ಲ.

ನಮ್ಮ ಬೀದರ್ ಕಲಬುರಗಿ ಮಂದಿಗಿ ಇದು ತಿಳಿಯೋದು ಸರಳ ಅದ. 1347ರಾಗ ಬಹಮನಿ ರಾಜ್ಯ ಕಟ್ಟಿದವರೂ ಉತ್ತರದಿಂದ ಬಂದೋರು, ದಿಲ್ಲಿಗಿ ಬೆನ್ನು ತಿರುಗಿಸಿ ಇಲ್ಲೇ ನಿಂತು ದಖನಿಗಳಾದ್ರು, ಇಲ್ಲಿ ಮಾತು ಸೇರಿ ದಖನಿ ಭಾಷೆ ಬೆಳೀತು. ಆಮ್ಯಾಲ ಇರಾನ್ ಕಡಿಯಿಂದ ಹೊಸದಾಗಿ ಬಂದೋರಿಗಿ ಇದೇ ದಖನಿಗಳು ಆಫಾಕಿ ಅಂದ್ರ ಪರದೇಶಿ ಅಂತ ಕರೆದ್ರು. 1472ರಾಗ ಬೀದರಿನ ಮದರಸಾ ಕಟ್ಟಿಸಿದ ಆಫಾಕಿ ಮಂತ್ರಿ ಮಹಮೂದ್ ಗವಾನ್ ಆ ಜಗಳದಾಗೇ 1481ರಾಗ ತಲಿ ಕಳ್ಕೊಂಡ. ಮೊದಲ ಬಂದವ ಊರವ ಆಗ್ತಾನ, ಹಿಂದಿನಿಂದ ಬಂದವ ಹೊರಗಿನವ ಆಗ್ತಾನ. ಐರ್ಲೆಂಡಿನಾಗೂ ಹಂಗೇ ಆಯ್ತು, 16–17ನೇ ಶತಮಾನದಾಗ ಹೊಸ ಇಂಗ್ಲಿಷರು ಬಂದಾಗ ಬರ್ಕ್‌ನಂಥವರಿಗಿ ಹಳೇ ಇಂಗ್ಲಿಷರು ಅಂತ ಬೇರೆ ಹೆಸರೇ ಬಿತ್ತು.

ಯಾದಗಿರಿ ಓದುಗ:
ಮಾಸ್ತರ್ ಹೇಳಿದ್ದಕ್ಕ ಒಂದೆರಡು ಸೇರಸ್ತೀನಿ. ನಾರ್ಮನ್ ಹೆಸರೆಲ್ಲ ಊರಿಂದ ಬಂದಿಲ್ಲ. ಫಿಟ್ಸ್ ಅಂದ್ರ ಮಗ, ಫಿಟ್ಸ್‌ಜೆರಾಲ್ಡ್ ಅಂದ್ರ ಜೆರಾಲ್ಡನ ಮಗ. ಬಟ್ಲರ್ ಅನ್ನೋದು ಹುದ್ದೆ, ಜಾನ್ ಜೋಡಿ 1185ರಾಗೇ ಬಂದ ಥಿಯೋಬಾಲ್ಡ್ ವಾಲ್ಟರಗ ಬಟ್ಲರ್ ಅಂತ ಹುದ್ದೆ ಕೊಟ್ಟಿದ್ರು, ಅದೇ ಮನಿಹೆಸರಾಯ್ತು, ನಮ್ಮ ಕುಲಕರ್ಣಿ ದೇಸಾಯಿ ಇದ್ದಂಗ. ವಾಲ್ಶ್ ಅಂದ್ರ ವೇಲ್ಸ್ ಕಡಿಯವ ಅಂತ.

ಅಕ್ಕೋರ, ಲಾರ್ಡ್ ಮೇಯೋ ವಿಷಯ: ಮೇಯೋ ಅವನ ಅಡ್ಡಹೆಸರಲ್ಲ, ಪದವಿ. 1785ರಾಗ ಅವನ ಮನಿತನಕ್ಕ ಅರ್ಲ್ ಆಫ್ ಮೇಯೋ ಅಂತ ಬಿರುದು ಬಂತು. ಅವ್ರು ಮಾಸ್ತರ್ ಹೇಳಿದ ಉತ್ತರದ ಕವಲಿನವರು ಅಂತ ಲೆಕ್ಕ, ಆ ಕವಲಿನಾಗ 'ಓ' ಸೇರಿಸಿ ಬರಿಯೋದು ಜಾಸ್ತಿ. 1869ರಿಂದ ವೈಸ್‌ರಾಯ್, ಪ್ರಾಂತಗಳಿಗಿ ಹಣಕಾಸಿನ ಅಧಿಕಾರ ಹಂಚಿದ 1870ರ ನಿರ್ಣಯ ಅವನದೇ, ಪರೀಕ್ಷಾದಾಗ ಕೇಳ್ತಾರ ನೋಡ್ರಿ. 1872 ಫೆಬ್ರವರಿ 8ಕ್ಕ ಅಂಡಮಾನಿನ ಪೋರ್ಟ್ ಬ್ಲೇರಿನಾಗ ಶೇರ್ ಅಲಿ ಅನ್ನೋ ಕೈದಿ ಚೂರಿ ಹಾಕಿ ಕೊಂದ. ಬೆಂಗಳೂರಿನಾಗ ಎಂ.ಜಿ. ರೋಡ್ ಮ್ಯಾಲ ಮೇಯೋ ಹಾಲ್ ಅದಲ್ಲ, ಕೋರ್ಟಿನದು, ಅದು ಇವನ ನೆನಪಿಗೆ 1883ರಾಗ ಕಟ್ಟಿದ್ದು. ನಾನೂ ಒಂದು ಕೇಸಿನ ಸಲುವಾಗಿ ಎರಡು ವರ್ಷ ಅಲ್ಲಿ ಓಡಾಡೀನಿ, ಹೆಸರು ಯಾರದು ಅಂತ ಆಗ ವಿಚಾರನೇ ಮಾಡಿರಲಿಲ್ಲ.

ಸುರಪುರದಾಂವ:
ಎಡ್ಮಂಡ್ ಬರ್ಕ್ ಬಗ್ಗೆ ನನಗ ಭಾಳ ಅಭಿಮಾನ ಅದ ಅದಕ್ಕ ಬರೀಲತ್ತೀನಿ. ಹುಟ್ಟಿದ್ದು 1729ರಾಗ ಡಬ್ಲಿನಿನಾಗ, ತಂದಿ ವಕೀಲ ಪ್ರಾಟೆಸ್ಟೆಂಟ್, ತಾಯಿ ಕಾರ್ಕ್ ಸೀಮಿ ನೇಗಲ್ ಮನಿತನದ ಕ್ಯಾಥೊಲಿಕ್, ನೇಗಲ್ ಅನ್ನೋದೂ ನಾರ್ಮನ್ ಹೆಸರೇ. ಕ್ಯಾಥೊಲಿಕರಿಗಿ ಓಟಿಲ್ಲ, ನೌಕರಿ ಇಲ್ಲ ಅನ್ನೋ ಕಾನೂನು ಇದ್ದ ಕಾಲ, ತಾಯಿ ಕಡಿ ಮಂದಿ ಅನುಭವಿಸಿದ್ದನ್ನ ಕಣ್ಣಾರೆ ನೋಡಿದವ. ಅದಕ್ಕೇ ಕಂಪನಿ ಸರಕಾರ ಹಿಂದೂಸ್ತಾನದಾಗ ಮಾಡಿದ ಅನ್ಯಾಯ ಅವನಿಗಿ ತಟ್ಟಿತು ಅಂತ ನಾ ತಿಳಕೊಂಡೀನಿ. ಹೇಸ್ಟಿಂಗ್ಸನ ವಿಚಾರಣೆ 1788ರಿಂದ 1795ರ ತನಕ ನಡೀತು, ಏಳು ವರ್ಷ, ಕಡೀಕ ಹೇಸ್ಟಿಂಗ್ಸ್ ಖುಲಾಸೆ ಆದ.

ಆದ್ರ ಕನ್ನಡದವರು ಓದಬೇಕಾದ್ದು 1785ರಾಗ ಆರ್ಕಾಟ್ ನವಾಬನ ಸಾಲದ ಬಗ್ಗೆ ಅವ ಮಾಡಿದ ಭಾಷಣ. 1780ರಾಗ ನಮ್ಮ ಹೈದರಾಲಿ ಘಾಟಿ ಇಳಿದು ಕರ್ನಾಟಿಕ್ ಬಯಲಿನ ಮ್ಯಾಲ ದಾಳಿ ಮಾಡಿದ್ದನ್ನ ಕಪ್ಪು ಮೋಡಕ್ಕ ಹೋಲಿಸಿ ವರ್ಣಿಸ್ಯಾನ, ಅದನ್ನ ಮುಂದ ಎಷ್ಟೋ ವರ್ಷ ಇಂಗ್ಲಿಷ್ ಕಲಿಯೋ ಹುಡುಗರಿಗಿ ಬಾಯಿಪಾಠ ಮಾಡಿಸ್ತಿದ್ರು. ಹಿಂದೂಸ್ತಾನಕ್ಕ ಒಂದು ಸಲನೂ ಬರದವ ಅಷ್ಟು ಬರೆದಾನ.

ಇನ್ನೊಂದು, ಮಾಸ್ತರ್ ಬಹಮನಿ ಹೋಲಿಕಿ ನನಗ ಪೂರಾ ಒಪ್ಪಿಗಿ ಇಲ್ಲ. ಇಲ್ಲಿ ಬಂದ ಸುಲ್ತಾನರು ಫಾರ್ಸಿ ದರಬಾರ ಬಿಡಲಿಲ್ಲ, ಬರ್ಕ್‌ರು ತಮ್ಮ ನಾರ್ಮನ್ ಗುರುತು ಪೂರಾ ಅಳಿಸ್ಕೊಂಡು ಐರಿಷ್ ಕವಿಗಳಿಗಿ ಆಶ್ರಯ ಕೊಟ್ಟು ಕುಲದ ನಾಯಕರೇ ಆಗಿಬಿಟ್ರು. ಎರಡೂ ಒಂದೇ ತೂಕದ್ದಲ್ಲ.

ಬೀದರ್ ಮಾಸ್ತರ್:
ಒಪ್ಪಿದೆ ತಮ್ಮಾ. ದರಬಾರದ ಮಟ್ಟಿಗಿ ನಿನ್ನ ಮಾತು ಖರೆ. ನಾ ಹೇಳಿದ್ದು ದಖನಿ ಮಾತಾಡೋ ಓಣಿ ಮಂದಿ ಬಗ್ಗೆ ಅಂತ ಇಟ್ಕೋ.

ಆಳಂದ ಬಾಯಿ:
ಎಲ್ಲರೂ ಗಂಡಸರ ಹೆಸರೇ ಹೇಳ್ಲತ್ತೀರಿ, ಗ್ರಾನ್ಯಾ ಓ'ಮಾಲಿ ಬಿಟ್ರ ಈ ಮನಿತನದ ಕಥಿ ಮುಗಿಯಂಗಿಲ್ಲ. ಅಕಿ ಹುಟ್ಟಿನಿಂದ ಬರ್ಕ್ ಅಲ್ಲ, ಐರಿಷ್ ಸಮುದ್ರ ನಾಯಕನ ಮಗಳು, ಎರಡನೇ ಗಂಡ 'ಕಬ್ಬಿಣದ ರಿಚರ್ಡ್' ಬರ್ಕ್, ಮುಂದ ಉತ್ತರದ ಕವಲಿನ ಮ್ಯಾಕ್ ವಿಲಿಯಂ ಆದವ. ಒಂದು ವರ್ಷದ ಕರಾರಿನ ಮ್ಯಾಲ ಮದುವಿ ಆಗಿ, ವರ್ಷ ಮುಗಿದ ಕೂಡ್ಲೆ ಅವನ ಕೋಟೆ ಬಾಗಿಲು ಹಾಕ್ಕೊಂಡು ಮ್ಯಾಲಿಂದ ನಿನ್ನ ಬಿಟ್ಟೀನಿ ಹೋಗು ಅಂದಳಂತ ಆ ಕಡಿ ಜನ ಕಥಿ ಹೇಳ್ತಾರ. ಆ ಕೋಟೆ ರಾಕ್‌ಫ್ಲೀಟ್, ಮೇಯೋ ಸೀಮಿಯೊಳಗ ನೀರಿನ ದಂಡಿಗಿ ಇವತ್ತೂ ನಿಂತದ. 1593ರಾಗ ಮಗನ್ನ ಇಂಗ್ಲಿಷ್ ಗವರ್ನರ್ ಹಿಡಿದಾಗ ಹಡಗು ಹತ್ತಿ ಲಂಡನ್ನಿಗಿ ಹೋಗಿ ಎಲಿಜಬೆತ್ ರಾಣಿ ಮುಂದ ನಿಂತು ಬಿಡಿಸ್ಕೊಂಡು ಬಂದಳು. ಅದೇ ಮಗ ಟಿಬಟ್ ಬರ್ಕ್ 1627ರಾಗ ಮೇಯೋದ ಮೊದಲನೇ ವೈಕೌಂಟ್ ಆದ, ಅದು ಅರ್ಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಪದವಿ.

ಇದೇ ಮೇಯೋದಿಂದ 1990ರಾಗ ಐರ್ಲೆಂಡಿನ ಮೊದಲ ಮಹಿಳಾ ರಾಷ್ಟ್ರಪತಿ ಬಂದ್ರು, ಮೇರಿ ರಾಬಿನ್ಸನ್. ತವರಿನ ಹೆಸರು ಬರ್ಕ್, 'ಓ' ಇರೋದೇ, ಬ್ಯಾಲಿನಾ ಊರಿನ ಡಾಕ್ಟರ್ ದಂಪತಿ ಮಗಳು. ಮೆಲ್ಬರ್ನಿನಾಗ ಇರೋ ಬರ್ಕ್ ಸ್ಟ್ರೀಟ್ ಸೈತ ಡಬ್ಲಿನಿನಾಗ ಹುಟ್ಟಿದ ಗವರ್ನರ್ ರಿಚರ್ಡ್ ಬರ್ಕ್ ಹೆಸರಿಂದು. ಮೆಲ್ಬರ್ನಿನಿಂದಲೇ 1860ರಾಗ ಆಸ್ಟ್ರೇಲಿಯಾ ದಕ್ಷಿಣದಿಂದ ಉತ್ತರಕ್ಕ ದಾಟತೀನಿ ಅಂತ ಹೊರಟು, ವಾಪಸ್ ಬರೋವಾಗ ಹಸಿವಿಲಿಂದ ಸತ್ತ ರಾಬರ್ಟ್ ಓ'ಹಾರ ಬರ್ಕ್ ಗಾಲ್ವೇದವ.

ಒಂದು ಎಚ್ಚರಿಕಿ ಅಕ್ಕೋರ, ಬರ್ಕ್ ಅಂದ ಕೂಡ್ಲೆ ಎಲ್ಲರೂ ಒಂದೇ ರಕ್ತ ಅನಬ್ಯಾಡ್ರಿ. ಎಂಟುನೂರು ವರ್ಷದ ಹೆಸರು. ಎರಡು ಊರಿನ ಪಾಟೀಲರು ಅಣ್ಣತಮ್ಮಂದಿರು ಅಂತ ನಾವ್ ಅಂತೀವೇನು? ಅಲ್ಲೂ ಮನಿ ಮನಿ ಕಾಗದ ನೋಡೇ ಹೇಳಬೇಕು.

ಕಲಬುರಗಿ ಅಕ್ಕ:
ಎಲ್ಲರಿಗೂ ಭಾಳ ಉಪಕಾರ ಆಯ್ತ್ರಿ. ಇಡೀ ಮಾತುಕತಿ ಓದಿ ವಾಯ್ಸ್ ಮೆಸೇಜ್ ಮಾಡಿ ತಮ್ಮಗ ಕಳಿಸಿದೆ, ಹತ್ತೊಂಬತ್ತು ನಿಮಿಷದ್ದು ಆಯ್ತು. ನಿನ್ನಿ ನೈಟ್ ಡ್ಯೂಟಿಯೊಳಗ 'ಓ' ಇರೋ ಬರ್ಕ್‌ಳಿಗಿ ನಿಮ್ಮೂರು ಮೇಯೋ ಹೌದಿಲ್ಲೋ ಅಂತ ಕೇಳ್ಯಾನ, ಅಕಿಗಿ ಆಶ್ಚರ್ಯ, ನಿನಗ ಯಾರು ಹೇಳಿದ್ರು ಅಂದಳಂತ. ಕಲಬುರಗಿಯಾಗ ನಮ್ಮಕ್ಕಗ ಬೀದರ್ ಮಾಸ್ತರ್ ಹೇಳ್ಯಾರ ಅಂದಾನ. ಸಾಲಿಯಾಗ ಐರಿಷ್ ಭಾಷಾದಾಗ ತನ್ನ ಹೆಸರು 'ದ ಬೂರ್ಕಾ' ಅಂತ ಬರೀತಿದ್ದೆ ಅಂತ ಒಂದು ಚೀಟಿ ಮ್ಯಾಲ ಬರೆದು ಕೊಟ್ಟಾಳ, ಆ ಹಳೇ 'ದ' ಅದರಾಗ ಹಂಗೇ ಉಳದದ ನೋಡ್ರಿ. ಬರೋ ರಜಾದಾಗ ರಾಕ್‌ಫ್ಲೀಟ್ ಕೋಟೆ ತೋರಿಸಲಾಕ ಕರ್ಕೊಂಡು ಹೋಗ್ತಾಳಂತ.

ಮಾಸ್ತರ್, ತಮ್ಮ ಶರಣಬಸಪ್ಪನ ಜಾತ್ರಿಗಿ ಊರಿಗಿ ಬರ್ತಾನ. ಬೀದರಿಗಿ ಕರ್ಕೊಂಡು ಬರ್ತೀನಿ, ಗವಾನ್ ಮದರಸಾ ನೀವೇ ನಿಂತು ತೋರಿಸಬೇಕು.

ಬೀದರ್ ಮಾಸ್ತರ್:
ಬಾ ತಂಗಿ. ಮುಂಜಾನಿ ಬಾ, ಆಗ ಆ ಹೆಂಚಿನ ಬಣ್ಣ ಬಿಸಿಲಿಗಿ ಚಂದ ಕಾಣ್ತದ. ಆ ಚೀಟಿ ಫೋಟೋನೂ ತರಲಾಕ ಹೇಳು, ನಾ ನೋಡಬೇಕು.