ಪದಚರ್ಚೆ: ‘ಹಾರ್ಡ್ ಸ್ಟಾರ್ಟಿಂಗ್’, ‘ರಫ್ ಐಡಲ್’ – ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಹಳೆಯ ಕಾರುಗಳ ರಿಪೇರಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಕಾಲದ ಗಾಡಿಗಳು. ಎರಡು ತಲೆಬರಹಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ: ‘ಹಾರ್ಡ್ ಸ್ಟಾರ್ಟಿಂಗ್’ (ಸ್ಟಾರ್ಟ್ ಆಗಲು ಸತಾಯಿಸುವುದು) ಮತ್ತು ‘ರಫ್ ಐಡಲ್’ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ ಕುಲುಕುವುದು). ‘ಕಠಿಣ ಪ್ರಾರಂಭ’, ‘ಒರಟು ನಿಷ್ಕ್ರಿಯತೆ’ ಅಂತ ಬರೆದು ನೋಡಿದೆ, ನನಗೇ ನಗು ಬಂತು. ಓದುವವರು ಕೆಲಸ ಕಲಿಯುತ್ತಿರುವ ಹುಡುಗರು. ನಾಳೆ ಬೆಳಿಗ್ಗೆ ಪುಟ ಕಟ್ಟುವವರಿಗೆ ಕೊಡಬೇಕು. ಚಿಕ್ಕದಾಗಿರಲಿ.

* * *

‘ತೊಡಗು’ ಇರುವಾಗ ‘ಪ್ರಾರಂಭ’ ಯಾಕೆ? ‘ತೊಡಕುತೊಡಗು’ ಅನ್ನಿ. ಐಡಲ್‌ಗೆ ‘ನಿಂತೋಟ’. ಗಾಡಿ ನಿಂತಿದೆ, ಎಂಜಿನ್ ಓಡುತ್ತಿದೆ, ಅಷ್ಟೇ ಅಲ್ವಾ? ರಫ್ ಐಡಲ್ ಅಂದರೆ ‘ಅದಿರು ನಿಂತೋಟ’. ಹಾಗೆಯೇ ‘ಕಾರು’ ಬಿಟ್ಟು ‘ಬಂಡಿ’ ಅನ್ನಿ. ಸಂಸ್ಕೃತವೂ ಬೇಡ, ಇಂಗ್ಲಿಷೂ ಬೇಡ.

* * *

> ‘ತೊಡಕುತೊಡಗು’ ಅನ್ನಿ

ಎರಡು ಸಲ ಜೋರಾಗಿ ಹೇಳಿ ನೋಡಿ. ಎಂಜಿನ್‌ಗಿಂತ ಮೊದಲು ನಾಲಿಗೆ ಆಫ್ ಆಗುತ್ತೆ. ‘ಅದಿರು’ ಅಂದರೆ ಇವತ್ತಿನ ಓದುಗನಿಗೆ ಗಣಿಯ ಕಬ್ಬಿಣ. ನಡುಕಕ್ಕೆ ‘ಅದುರು’ ಇದೆ.

* * *

ಗ್ಯಾರೇಜಿನಲ್ಲಿ ಕೆಲಸ ಮಾಡಿದವನು ನಾನು, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಮೊದಲು ಕಾಯಿಲೆ ಯಾವುದು ಅಂತ ಬೇರೆ ಮಾಡಿಕೊಳ್ಳಿ, ಹೆಸರು ಆಮೇಲೆ. ‘ಸ್ಟಾರ್ಟಿಂಗ್ ಟ್ರಬಲ್’ ಅಂತ ಬಂದವರ ಮಾತಿನಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇರುತ್ತವೆ. ಒಂದು, ಸೆಲ್ಫ್ ಹೊಡೆದರೆ ಎಂಜಿನ್ ತಿರುಗುವುದೇ ಇಲ್ಲ, ಅಥವಾ ಸತ್ತಹಾಗೆ ತಿರುಗುತ್ತದೆ. ಇದು ಬ್ಯಾಟರಿ, ಟರ್ಮಿನಲ್, ಸೆಲ್ಫ್ ಮೋಟಾರ್ ಕಡೆಯ ಕೆಲಸ. ಚಾರ್ಜ್ ತುಂಬಿದ ಬ್ಯಾಟರಿ ಸುಮ್ನೆ ಇದ್ದಾಗ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಅಲ್ಲೇ ನಿಂತು ನೋಡಿ, ಕಾರ್ಬ್ಯುರೇಟರ್ ಬಿಚ್ಚಬೇಡಿ.

ಎರಡನೆಯದೇ ನಿಮ್ಮ ‘ಹಾರ್ಡ್ ಸ್ಟಾರ್ಟಿಂಗ್’. ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹಿಡಿಯಲು ತುಂಬ ಹೊತ್ತು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ತಣ್ಣಗಿದ್ದಾಗಲೋ, ಬಿಸಿಯಾದಾಗಲೋ? ತಣ್ಣಗಿದ್ದಾಗ ಅಂದರೆ ಮೊದಲು ಚೋಕ್ (ಕಾರ್ಬ್ಯುರೇಟರ್‌ಗೆ ಹೋಗುವ ಗಾಳಿ ತಡೆಯುವ ಮುಚ್ಚಳ) ಪೂರ್ತಿ ಮುಚ್ಚುತ್ತಿದೆಯಾ ನೋಡಿ. ಓಡಿಸಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟ ಮೇಲೆ ಅಂದರೆ, ಎಂಜಿನ್ ಬಿಸಿಗೆ ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲ್ ಕುದಿದು ಒಳಗೆ ಜಾಸ್ತಿ ಹೋಗಿರುತ್ತೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪಂಪ್ ಮಾಡದೆ, ಸೆಲ್ಫ್ ಹೊಡೆಯಬೇಕು. ಎರಡರಲ್ಲೂ ಪ್ಲಗ್ ಬಿಚ್ಚಿ ನೋಡಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗೆ ಸುಟ್ಟಿದ್ದರೆ ಗಾಳಿ ಜಾಸ್ತಿ, ಎಣ್ಣೆಯಲ್ಲಿ ಒದ್ದೆಯಾಗಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ.

ಮೂರನೆಯದು, ಸ್ಟಾರ್ಟ್ ಆಗಿ ನಿಂತುಹೋಗುವುದು. ಕೀ ಬಿಟ್ಟ ತಕ್ಷಣವೇ ಆಫ್ ಆದರೆ ಇಗ್ನಿಷನ್‌ನ ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ತುಂಡು) ಮೇಲೆ ಅನುಮಾನ. ಸೆಲ್ಫ್ ಹೊಡೆಯುವಾಗ ಕರೆಂಟ್ ಅದನ್ನು ಬಿಟ್ಟು ಸುತ್ತಿ ಹೋಗುತ್ತದೆ, ಕೀ ಬಿಟ್ಟಾಗ ಅದರ ಮೂಲಕವೇ ಬರಬೇಕು.

ಈ ಮೂರನ್ನೂ ‘ತೊಡಕುತೊಡಗು’ ಅಂತ ಒಂದೇ ಚೀಲಕ್ಕೆ ತುಂಬಿದರೆ ಹುಡುಗರು ತಪ್ಪು ಕಡೆ ಸ್ಪ್ಯಾನರ್ ಹಾಕುತ್ತಾರೆ. ‘ತಿರುಗುತ್ತದೆ, ಹೊತ್ತಿಕೊಳ್ಳಲು ತಡ’ ಅಂತ ಬಿಡಿಸಿ ಬರೆಯಿರಿ.

* * *

> ಹೊತ್ತಿಕೊಳ್ಳಲು ತಡ

ಬೇಡ! ಮುಂದೆ ಎಲ್ಲೋ ‘ಎಂಜಿನ್ ಹೊತ್ತಿಕೊಂಡಾಗ’ ಅಂತ ಬರುತ್ತೆ, ಓದುವವನು ಬಕೆಟ್ ತರಲು ಓಡುತ್ತಾನೆ.

* * *

ಸರಿ, ‘ಸ್ಟಾರ್ಟ್ ಆಗಲು ತಡ’ ಅಂತಲೇ ಇರಲಿ.

* * *

‘ಐಡಲ್’ನ ಮೂಲ ಯಾರೂ ನೋಡಿದ ಹಾಗಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ಖಾಲಿ, ಬರಿದು’. ಸೋಮಾರಿತನ ಆಮೇಲೆ ಬಂದಿದ್ದು. ಹಾಗಾಗಿ ‘ನಿಷ್ಕ್ರಿಯ’ ಶುದ್ಧ ತಪ್ಪು, ಎಂಜಿನ್ ಕೆಲಸ ಮಾಡುತ್ತಲೇ ಇದೆ. ಹೊರೆ ಮಾತ್ರ ಇಲ್ಲ. ನಮ್ಮಲ್ಲಿ ಬರಿಗೈ, ಬರಿಗಾಲು, ಬರಿಮಾತು ಇವೆ. ‘ಬರಿಯೋಟ’ ಯಾಕಾಗಬಾರದು? ‘ನಿಂತೋಟ’ಕ್ಕಿಂತ ಮೇಲು. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಐಡಲ್‌ನಲ್ಲೇ ಇರುತ್ತದೆ, ಗಾಡಿ ನಿಂತಿರುವುದಿಲ್ಲ.

ಇನ್ನು ‘ಬಂಡಿ’ ಅಚ್ಚಗನ್ನಡ ಅಂದವರಿಗೆ: ಅದನ್ನು ಸಂಸ್ಕೃತದ ‘ಭಾಂಡ’ದ ಜತೆ ತಳಕು ಹಾಕುವವರೂ ಇದ್ದಾರೆ. ಅಷ್ಟು ಧೈರ್ಯ ಬೇಡ.

* * *

ತಮಿಳಿನಲ್ಲಿ ‘ವಂಡಿ’, ತೆಲುಗಿನಲ್ಲಿ ‘ಬಂಡಿ’. ಇಷ್ಟು ಸಾಕಲ್ವಾ? ಸಂಸ್ಕೃತದಲ್ಲಿ ಹೋಲುವ ಪದ ಕಂಡ ತಕ್ಷಣ ಅಲ್ಲಿಂದಲೇ ಬಂತು ಅನ್ನುವುದು ಹಳೆಯ ಚಟ.

* * *

ಬಂಡಿ ಆಮೇಲೆ ಹೊಡೆಯಿರಿ, ಕೇಳಿದವರು ಕಾಯುತ್ತಿದ್ದಾರೆ.

ರಫ್ ಐಡಲ್‌ನಲ್ಲೂ ಎರಡು ಬಗೆ. ಒಂದೇ ಲಯದಲ್ಲಿ ಕುಲುಕುತ್ತಿದ್ದರೆ ಯಾವುದೋ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಇದಕ್ಕೆ ಎಲ್ಲರೂ ‘ಮಿಸ್ಸಿಂಗ್’ ಅನ್ನುತ್ತಾರೆ. ಶಾಕ್ ಹೊಡೆಯದ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ತೆಗೆದು, ಕೂಡಲೇ ಹಾಕಿ ನೋಡುತ್ತಾರೆ. ಯಾವುದನ್ನು ತೆಗೆದರೂ ಎಂಜಿನ್ ಸದ್ದು ಬದಲಾಗಲಿಲ್ಲವೋ ಅದೇ ಸತ್ತ ಸಿಲಿಂಡರ್. ಹಾಗಲ್ಲದೆ ವೇಗ ತಾನಾಗಿಯೇ ಏರಿ ಇಳಿದು ಮಾಡುತ್ತಿದ್ದರೆ ಅದು ‘ಹಂಟಿಂಗ್’. ಹೆಚ್ಚಿನ ಸಲ ಎಲ್ಲೋ ಗಾಳಿ ಒಳಗೆ ನುಸುಳುತ್ತಿರುತ್ತದೆ: ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬ್ರೇಕ್ ಸರ್ವೋ ಪೈಪು, ಬಿರುಕು ಬಿಟ್ಟ ವ್ಯಾಕ್ಯೂಮ್ ರಬ್ಬರ್. ಐಡಲ್‌ನಲ್ಲೇ ಇದು ಕಾಣುವುದಕ್ಕೆ ಕಾರಣ ಇದೆ. ಆಗ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದರೆ ತೆರೆಯುವ ಗಾಳಿಬಾಗಿಲು) ಮುಚ್ಚಿರುತ್ತದೆ, ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಅದರಲ್ಲಿ ಸಣ್ಣ ಸೋರಿಕೆಯೂ ದೊಡ್ಡ ಪಾಲು. ಆಕ್ಸಿಲರೇಟರ್ ಒತ್ತಿದರೆ ಸರಿಹೋಗುತ್ತೆ, ಅದಕ್ಕೇ ಮಾಲೀಕರು ಐಡಲ್ ಸ್ಕ್ರೂ ತಿರುಗಿಸಿ ವೇಗ ಏರಿಸಿಕೊಂಡು ಓಡಾಡುತ್ತಿರುತ್ತಾರೆ. ಸಾಮಾನ್ಯವಾಗಿ 700–900 ಆರ್‌ಪಿಎಂ ಇರಬೇಕಾದದ್ದು 1,200ಕ್ಕೆ ಬಂದು ನಿಂತಿರುತ್ತದೆ, ಕಾಯಿಲೆ ಒಳಗೇ ಇರುತ್ತದೆ.

‘ಬರಿಯೋಟ’ ಚೆನ್ನಾಗಿದೆ, ಆದರೆ ಆ ಸ್ಕ್ರೂಗೆ ಏನು ಹೇಳುತ್ತೀರಿ? ‘ಬರಿಯೋಟದ ತಿರುಪು’ ತಂದುಕೊಡು ಅಂದರೆ ಹುಡುಗ ನನ್ನ ಮುಖ ನೋಡುತ್ತಾನೆ. ‘ಐಡ್ಲಿಂಗ್’ ಬಿಡಿ ಮಾರಾಯ್ರೇ.

* * *

ಇದೇ ಆಗಿದ್ದು. ಒಂದೊಂದೇ ‘ಬಿಡಿ, ಬಿಡಿ’ ಅಂತ ಬಿಟ್ಟು ಈಗ ವಾಕ್ಯದಲ್ಲಿ ಕನ್ನಡ ಅಂತ ಉಳಿದದ್ದು ‘ಆಗುತ್ತೆ’ ಮಾತ್ರ.

* * *

ಆ ‘ಆಗುತ್ತೆ’ಯೇ ಕನ್ನಡ ಸಾರ್. ‘ಸ್ಟಾರ್ಟ್ ಮಾಡಿದೆ’, ‘ಸ್ಟಾರ್ಟ್ ಆಯ್ತು’: ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ನಾವು ಮಾಡು–ಆಗು ಹಾಕಿ ಬೇರೆ ಮಾಡಿಕೊಂಡೆವು. ಕುರ್ಚಿ ಅರಬ್ಬಿಯಿಂದ ಬಂತು, ಅಲಮಾರು ಪೋರ್ಚುಗೀಸಿನಿಂದ. ಅವನ್ನು ನೀವು ಮನೆಯಿಂದ ಹೊರಗೆ ಹಾಕಿಲ್ಲ ಅಲ್ವಾ?

* * *

> ಕುರ್ಚಿ, ಅಲಮಾರು

ಇಂಗ್ಲಿಷಿಗೆ ಬಾಗಿಲು ತೆಗೆಯುವವರೆಲ್ಲ ಇದೇ ಪಟ್ಟಿ ಓದುತ್ತಾರೆ. ಉತ್ತರ ಕೊಡುವ ಅಗತ್ಯ ಕಾಣುತ್ತಿಲ್ಲ.

* * *

ಎಲ್ಲರಿಗೂ ಧನ್ಯವಾದ. ಪುಟ ಕೊಟ್ಟಾಯಿತು. ಮೊದಲ ಅಧ್ಯಾಯ ‘ಸ್ಟಾರ್ಟಿಂಗ್ ತೊಂದರೆ’, ಅದರ ಕೆಳಗೆ ಮೂರು ಭಾಗ: ‘ಎಂಜಿನ್ ತಿರುಗುವುದಿಲ್ಲ’, ‘ತಿರುಗುತ್ತದೆ, ಸ್ಟಾರ್ಟ್ ಆಗಲು ತಡ’, ‘ಸ್ಟಾರ್ಟ್ ಆಗಿ ನಿಂತುಹೋಗುತ್ತದೆ’. ಎರಡನೆಯ ಅಧ್ಯಾಯ ‘ಐಡ್ಲಿಂಗ್‌ನಲ್ಲಿ ಅದುರುವಿಕೆ’. ಹಂಟಿಂಗ್‌ಗೆ ‘ವೇಗದ ಏರಿಳಿತ’ ಹಾಕಿದ್ದೇನೆ. ‘ಬರಿಯೋಟ’ವನ್ನು ಪದಪಟ್ಟಿಯಲ್ಲಿ ಐಡ್ಲಿಂಗ್ ಪಕ್ಕದಲ್ಲಿ ಇಟ್ಟಿದ್ದೇನೆ, ಇಷ್ಟವಾದವರು ಬಳಸಲಿ.

‘ವೇಪರ್ ಲಾಕ್’ ಒಂದು ಉಳಿದಿದೆ. ಅದನ್ನು ಬೇರೆಯಾಗಿ ಕೇಳುತ್ತೇನೆ, ದಯವಿಟ್ಟು ಇಲ್ಲಿ ಶುರು ಮಾಡಬೇಡಿ.

* * *

‘ಆವಿಗಂಟು’.

* * *

ಗಂಟು ಎಲ್ಲಿದೆ ಅದರಲ್ಲಿ? ಪೈಪಿನೊಳಗೆ ಪೆಟ್ರೋಲ್ ಬಿಸಿಗೆ ಆವಿಯಾಗುತ್ತೆ, ಪಂಪ್ ಆವಿಯನ್ನೇ ಹಿಂಡುತ್ತಾ ಕೂರುತ್ತೆ, ಪೆಟ್ರೋಲ್ ಮುಂದೆ ಹೋಗಲ್ಲ. ‘ಆವಿತಡೆ’ ಅನ್ನಿ.